ಏರ್‌ಗನ್ ಮಾರಲು ಅಂಗಡಿಯಿದೆ, ಹೊಡೆಯಲು ಜಾಗವೆಲ್ಲಿದೆ?

ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಏರ್‌ಗನ್ ಹಾವಳಿ ಮಿತಿಮೀರಿದೆ, ಅದರ ಮಾರಾಟವನ್ನೇ ನಿಲ್ಲಿಸಬೇಕು ಎಂಬ ಓದುಗರೊಬ್ಬರ ಪತ್ರವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅವರ ಆತಂಕದಲ್ಲಿ ಹುರುಳಿದೆ, ಸೂಚಿಸಿದ ಪರಿಹಾರದಲ್ಲಿ ಇಲ್ಲ. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದು, ಎನ್‌ಸಿಸಿ ಮಕ್ಕಳಿಗೆ ಗುರಿ ಹಿಡಿಯುವುದನ್ನು ಕಲಿಸಿ ನಿವೃತ್ತನಾದವನು ನಾನು. ಏರ್‌ಗನ್ ಕೊಳ್ಳಲು ಸರ್ಕಾರ ಬಾಗಿಲು ತೆರೆದಿಟ್ಟಿದೆ, ಹೊಡೆಯಲು ಮಾತ್ರ ಜಾಗ ಕೊಟ್ಟಿಲ್ಲ. ಇಂದಿನ ತೊಂದರೆಯ ಬೇರು ಇರುವುದು ಅಲ್ಲಿ.

ಮೊದಲು ಕಾನೂನಿನ ಮಾತು. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದ, ಶಕ್ತಿ 20 ಜೌಲ್ ದಾಟದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಗುರುತಿನ ಚೀಟಿ ತೋರಿಸಿ ಕೆಲವು ಸಾವಿರ ರೂಪಾಯಿ ಕೊಟ್ಟರೆ ಗನ್ ಕೈಗೆ ಬರುತ್ತದೆ. ‘ಲೈಸೆನ್ಸ್ ಬೇಡ ಸಾರ್’ ಎಂಬಲ್ಲಿಗೆ ಅಂಗಡಿಯವರ ಮಾತು ಮುಗಿಯುತ್ತದೆ. ಕೊಂಡವರು ಅದನ್ನೇ ಎಲ್ಲಿ ಬೇಕಾದರೂ ಹೊಡೆಯಬಹುದು ಎಂದು ತಿಳಿದು ಮನೆಗೆ ಬರುತ್ತಾರೆ.

ಆದರೆ ವಿನಾಯಿತಿ ಇರುವುದು ಲೈಸೆನ್ಸಿನಿಂದ ಮಾತ್ರ, ಹೊಣೆಗಾರಿಕೆಯಿಂದಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ಸ್ಫೋಟಕದ ಬಲದಿಂದ ಗುಂಡು ಹಾರಿಸುವುದಷ್ಟೇ ಬಂದೂಕಲ್ಲ, ‘ಇತರ ಶಕ್ತಿ’ಯಿಂದ ಹಾರಿಸುವುದೂ ಬಂದೂಕೇ. 2019ರ ತಿದ್ದುಪಡಿಯ ನಂತರ, ಬಂದೂಕನ್ನು ಅಜಾಗರೂಕತೆಯಿಂದ ಬಳಸಿ ಇತರರ ಜೀವಕ್ಕೆ ಅಪಾಯ ತಂದವರಿಗೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಬೀದಿನಾಯಿಗೆ ಹೊಡೆದು ಕೊಂದರೆ ಅಥವಾ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಅಡಿ ಐದು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ. ನವಿಲಿಗೆ ಗುರಿಯಿಟ್ಟವರ ಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೇಸು ಬೀಳುತ್ತದೆ. ಇಷ್ಟೆಲ್ಲ ಕಾನೂನು ಪುಸ್ತಕದಲ್ಲಿದೆ. ಗನ್ನಿನ ಡಬ್ಬಿಯೊಳಗೆ ಇದರ ಒಂದು ಸಾಲೂ ಇರುವುದಿಲ್ಲ.

ಕೊಂಡ ಮೇಲೆ ಹೊಡೆಯುವುದೆಲ್ಲಿ? ಹೆಚ್ಚಿನವರು ಮನೆಯ ತಾರಸಿ ಹತ್ತುತ್ತಾರೆ. ನಮ್ಮ ಬಡಾವಣೆಗಳ 30×40 ಸೈಟಿನ ಉದ್ದನೆಯ ಬದಿ 40 ಅಡಿ, ಅಂದರೆ 12 ಮೀಟರ್. 20 ಜೌಲ್ ಶಕ್ತಿಯ ಗನ್ನಿನಿಂದ ಹೊರಟ ಅರ್ಧ ಗ್ರಾಂ ಸೀಸದ ಗುಂಡಿನ ವೇಗ ಸೆಕೆಂಡಿಗೆ ಸುಮಾರು 280 ಮೀಟರ್. ಕಣ್ಣು ಮಿಟುಕಿಸುವುದರೊಳಗೆ ಅದು ಸೈಟಿನ ಗಡಿ ದಾಟಿರುತ್ತದೆ. ಪ್ಯಾರಪೆಟ್ ಮೇಲೆ ಸಾಲಾಗಿ ಇಟ್ಟ ಖಾಲಿ ಬಾಟಲಿಗೆ ಈಡು ತಪ್ಪಿದರೆ ಅದು ಹೋಗುವುದು ಪಕ್ಕದವರ ಬಟ್ಟೆ ಒಣಹಾಕುವ ತಂತಿಯತ್ತ, ನೀರಿನ ಟ್ಯಾಂಕಿನತ್ತ, ಆಚೆ ರಸ್ತೆಯಲ್ಲಿ ಆಡುತ್ತಿರುವ ಮಕ್ಕಳತ್ತ. ಅಷ್ಟು ಸಣ್ಣ ಗುಂಡು ಕಣ್ಣಿಗೆ ಬಡಿದರೆ ಕಣ್ಣು ಹೋದಂತೆಯೇ. ‘ಆಟದ ಗನ್’ ಎಂದು ಮಕ್ಕಳ ಕೈಗೆ ಕೊಡುವ ಅಪ್ಪಂದಿರು ಇದನ್ನೊಮ್ಮೆ ಯೋಚಿಸಬೇಕು.

ತಾರಸಿ ಬೇಡವೆಂದು ಊರಾಚೆ ಹೋದರೂ ದಾರಿ ಸುಗಮವಿಲ್ಲ. ನೆಲಮಂಗಲ, ಮಾಗಡಿ ರಸ್ತೆ, ಆನೇಕಲ್ ಕಡೆ ಉಳಿದಿರುವ ನೀಲಗಿರಿ ತೋಪುಗಳಿಗೆ ಯಜಮಾನರಿದ್ದಾರೆ, ಅವರ ಅಪ್ಪಣೆಯಿಲ್ಲದೆ ಕಾಲಿಟ್ಟರೆ ಅತಿಕ್ರಮ ಪ್ರವೇಶ. ಪಾಳುಬಿದ್ದ ಕಲ್ಲು ಕ್ವಾರಿಗಳು ಖಾಲಿ ಕಂಡರೂ ಬಂಡೆಗೆ ಬಡಿದ ಗುಂಡು ಯಾವ ಕಡೆಗೆ ಸಿಡಿಯುತ್ತದೆಂದು ಹೇಳಲಾಗದು, ಉಕ್ಕಿನ ಗೋಲಿಯಾದರಂತೂ ಹೊಡೆದವರ ಮುಖಕ್ಕೇ ವಾಪಸು ಬರುತ್ತದೆ. ಕೆರೆಯಂಗಳದಲ್ಲಿ ಗನ್ ಹಿಡಿದು ನಿಂತವರನ್ನು ಊರವರು ಹಕ್ಕಿ ಬೇಟೆಗೆ ಬಂದವರೆಂದೇ ತಿಳಿಯುತ್ತಾರೆ, ತಿಳಿಯಬೇಕಾದದ್ದೂ ಹಾಗೆಯೇ. ಇನ್ನು ಬನ್ನೇರುಘಟ್ಟದಂಥ ಸಂರಕ್ಷಿತ ಪ್ರದೇಶಕ್ಕೆ ಅನುಮತಿಯಿಲ್ಲದೆ ಆಯುಧ ಒಯ್ಯುವುದೇ ಅಪರಾಧ. ಬಲೆ, ಚಾಕು, ಬಿಲ್ಲು-ಬಾಣವನ್ನೂ ಆಯುಧದ ಪಟ್ಟಿಗೆ ಸೇರಿಸಿರುವ ವನ್ಯಜೀವಿ ಕಾಯ್ದೆ ಏರ್‌ಗನ್ನನ್ನು ಹೊರಗಿಡುವುದಿಲ್ಲ.

ಹಾಗಾದರೆ ನೆಟ್ಟಗೆ ಕಲಿಯಬೇಕೆನ್ನುವ ಹುಡುಗ ಹುಡುಗಿಯರು ಎಲ್ಲಿಗೆ ಹೋಗಬೇಕು? 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದದ್ದು ಏರ್ ಪಿಸ್ತೂಲಿನಲ್ಲಿ. ದೂರದ ಮಾತೇಕೆ, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಏರ್ ಪಿಸ್ತೂಲಿನಲ್ಲೇ ಬೆಳ್ಳಿ ಗೆದ್ದರು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದಿವ್ಯಾ ಟಿ.ಎಸ್. ತಂಡದೊಂದಿಗೆ ಬೆಳ್ಳಿ ತಂದರು. ಪದಕ ಬಂದಾಗ ಹಾರ ಹಾಕಿ ಫೋಟೊ ತೆಗೆಸಿಕೊಳ್ಳುವುದಕ್ಕೆ ಮುಂದೆ ಬರುವವರು, ಕಲಿಯುವ ಜಾಗ ಕೇಳಿದಾಗ ಮುಖ ತಿರುಗಿಸುತ್ತಾರೆ. ಬೆಂಗಳೂರು ನಗರದಲ್ಲಿ ಖಾಸಗಿ ಅಕಾಡೆಮಿಗಳಿವೆ ನಿಜ, ಆದರೆ ಅವುಗಳ ಶುಲ್ಕ ಮತ್ತು ದೂರ ಎರಡೂ ಹೊಸಕೋಟೆ, ದೇವನಹಳ್ಳಿ, ನೆಲಮಂಗಲದ ಸಾಮಾನ್ಯ ಮನೆಗಳಿಗೆ ನಿಲುಕುವಂಥದ್ದಲ್ಲ.

ಶೂಟಿಂಗ್ ರೇಂಜ್ ಎಂದೊಡನೆ ಅಧಿಕಾರಿಗಳು ಎಕರೆಗಟ್ಟಲೆ ಜಮೀನು, ಎತ್ತರದ ಗೋಡೆ, ಕೋಟಿಗಟ್ಟಲೆ ಹಣ ಎಂದು ಹೆದರುತ್ತಾರೆ. ಏರ್‌ಗನ್ನಿಗೆ ಅದ್ಯಾವುದೂ ಬೇಡ. ಗುರಿ ಇರುವುದು 10 ಮೀಟರ್ ದೂರದಲ್ಲಿ, ಒಬ್ಬರು ನಿಲ್ಲಲು ಒಂದು ಮೀಟರ್ ಅಗಲ ಸಾಕು. 45 ಅಡಿ ಉದ್ದ, 20 ಅಡಿ ಅಗಲದ ಒಂದು ಹಾಲ್ ಇದ್ದರೆ ಐದಾರು ಮಂದಿ ಒಟ್ಟಿಗೆ ಅಭ್ಯಾಸ ಮಾಡಬಹುದು. ಗುರಿಯ ಹಿಂದೆ ಮೇಲ್ತುದಿ ಮುಂದಕ್ಕೆ ಬಾಗಿದ ದಪ್ಪ ಕಬ್ಬಿಣದ ತಗಡು, ಅದರ ಕೆಳಗೆ ಮರಳು ತುಂಬಿದ ಪೆಟ್ಟಿಗೆ: ತಗಡಿಗೆ ಬಡಿದ ಗುಂಡು ಕೆಳಮುಖವಾಗಿ ತಿರುಗಿ ಮರಳಿನಲ್ಲಿ ಹೂತುಹೋಗುತ್ತದೆ. ಇದನ್ನು ಯಾವ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಡುತ್ತಾರೆ. ಬರೀ ಕಾಗದದ ಗುರಿಯಿಂದ ಶುರು ಮಾಡಬಹುದು. ಏರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅದಕ್ಕೆ ಉಸಿರು ಹಿಡಿದು ನಿಲ್ಲುವ ಹುಡುಗನಿಗೆ ಕಾಗೆ, ನಾಯಿಗಳ ಮೇಲೆ ಈಡು ಹೊಡೆಯುವ ಚಪಲ ಉಳಿಯುವುದಿಲ್ಲ. ಇದು ನಾನು ಕಂಡ ಮಾತು.

ನಮ್ಮ ಜಾತ್ರೆಗಳ ಬಲೂನು ಹೊಡೆಯುವ ಅಂಗಡಿಯನ್ನೇ ನೋಡಿ. ಮುಂದೆ ಅಡ್ಡಕ್ಕೆ ಒಂದು ಹಲಗೆ, ಹಿಂದೆ ಗುಂಡು ತಡೆಯುವ ಬೋರ್ಡು, ಎಲ್ಲರೂ ಒಂದೇ ದಿಕ್ಕಿಗೆ ಹೊಡೆಯಬೇಕೆಂಬ ಕಟ್ಟಳೆ, ಬಾರು ಮಾಡಿ ಕೈಗೆ ಕೊಟ್ಟು ಮತ್ತೆ ವಾಪಸು ತೆಗೆದುಕೊಳ್ಳುವ ಒಬ್ಬ ಮನುಷ್ಯ. ಎರಡು ದಿನದ ಜಾತ್ರೆಗೆ ಒಬ್ಬ ಬಡ ವ್ಯಾಪಾರಿ ಮಾಡಿಕೊಂಡಿರುವ ಇಷ್ಟು ವ್ಯವಸ್ಥೆ, ಸರ್ಕಾರದಿಂದ ವರ್ಷಪೂರ್ತಿಗೆ ಆಗುವುದಿಲ್ಲವೇ?

ನಿಷೇಧವೇ ಬೇಕೆನ್ನುವವರು ಅರುಣಾಚಲ ಪ್ರದೇಶವನ್ನು ಉದಾಹರಿಸುವುದುಂಟು. 2021ರಲ್ಲಿ ಅಲ್ಲಿ ಶುರುವಾದ ಏರ್‌ಗನ್ ಒಪ್ಪಿಸುವ ಅಭಿಯಾನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗನ್‌ಗಳನ್ನು ಜನ ತಾವಾಗಿ ತಂದುಕೊಟ್ಟರು. ಅದು ಮೆಚ್ಚಬೇಕಾದ ಕೆಲಸವೇ. ಆದರೆ ಅಲ್ಲಿ ಏರ್‌ಗನ್ ಹಕ್ಕಿ ಬೇಟೆಯ ಸಾಧನವಾಗಿತ್ತು, ಬೇಟೆ ನಿಲ್ಲಿಸಲು ಗನ್ ಬಿಡಿಸಿದರು. ನಮ್ಮ ಬಡಾವಣೆಗಳಲ್ಲಿ ಕೆಲವರು ಕೋತಿ ಓಡಿಸಲು, ಹೆಚ್ಚಿನವರು ಹವ್ಯಾಸಕ್ಕೆ, ಕೆಲವು ಮಕ್ಕಳು ಕ್ರೀಡೆಯ ಆಸೆಗೆ ಕೊಳ್ಳುತ್ತಾರೆ. ಎಲ್ಲರನ್ನೂ ಒಂದೇ ನಿಷೇಧದಡಿ ತಂದರೆ ತೊಂದರೆ ಕೊಡುವವನು ಕದ್ದು ಕೊಳ್ಳುತ್ತಾನೆ, ಕಲಿಯುವ ಹುಡುಗಿ ಮನೆಯಲ್ಲಿ ಕೂರುತ್ತಾಳೆ. ಬ್ರಿಟನ್ನಿನಲ್ಲಿ ಇದಕ್ಕೊಂದು ಸರಳ ನಿಯಮವಿದೆ: ಏರ್‌ಗನ್ನಿನ ಗುಂಡು ನೀವು ಹೊಡೆಯಲು ಅನುಮತಿ ಪಡೆದ ಜಾಗದ ಗಡಿ ದಾಟಿದರೆ ಅದು ಅಪರಾಧ. ಇಂಥದೊಂದು ಸ್ಪಷ್ಟ ಮಾತು ನಮ್ಮ ನಿಯಮದಲ್ಲೂ ಬಂದರೆ ಪೊಲೀಸರಿಗೂ ಸಲೀಸು, ಹೊಡೆಯುವವರಿಗೂ ಸಲೀಸು. ಈಗ ಒಂದು ಠಾಣೆಯಲ್ಲಿ ‘ನಿಮ್ಮ ಜಾಗ, ಹೊಡೆದುಕೊಳ್ಳಿ’ ಎನ್ನುತ್ತಾರೆ, ಇನ್ನೊಂದರಲ್ಲಿ ಗನ್ ಕಿತ್ತಿಟ್ಟುಕೊಳ್ಳುತ್ತಾರೆ.

ಹವ್ಯಾಸಿಗಳ ತಪ್ಪನ್ನು ನಾನು ಮುಚ್ಚಿಡಲಾರೆ. ಕೋತಿಗೆ ಹೊಡೆದ ವೀಡಿಯೊ ಹಾಕಿ ಬೀಗುವವರಿದ್ದಾರೆ. ರಾತ್ರಿ ಪಾರ್ಟಿಯಲ್ಲಿ ಬೀದಿ ದೀಪ ಒಡೆಯುವವರಿದ್ದಾರೆ. ಅವರ ಮೇಲೆ ಕೇಸು ಹಾಕಲಿ, ಗನ್ ಮುಟ್ಟುಗೋಲು ಹಾಕಿಕೊಳ್ಳಲಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಇರುವ ಗರಿಷ್ಠ 50 ರೂಪಾಯಿ ದಂಡಕ್ಕೆ ತೃಪ್ತಿಪಡದೆ ನ್ಯಾಯ ಸಂಹಿತೆಯ ಕಠಿಣ ಸೆಕ್ಷನ್ನನ್ನೇ ಬಳಸಲಿ.

ಜೊತೆಗೆ ನನ್ನ ಬೇಡಿಕೆ ಮೂರೇ. ಒಂದು, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಬೆಂಗಳೂರು ಸುತ್ತಲಿನ ಪ್ರತಿ ತಾಲ್ಲೂಕು ಕ್ರೀಡಾಂಗಣದಲ್ಲಿ 10 ಮೀಟರ್‌ನ ಒಂದು ರೇಂಜ್ ತೆರೆಯಲಿ, ಒಬ್ಬ ತರಬೇತುದಾರರನ್ನು ನೇಮಿಸಿ ಸಾಧಾರಣ ಶುಲ್ಕಕ್ಕೆ ಎಲ್ಲರಿಗೂ ಬಿಡಲಿ. ಎರಡು, ಎಲ್ಲಿ ಹೊಡೆಯಬಹುದು, ಎಲ್ಲಿ ಕೂಡದು, ತಪ್ಪಿದರೆ ಶಿಕ್ಷೆಯೇನು ಎಂಬುದನ್ನು ಪೊಲೀಸ್ ಇಲಾಖೆ ಕನ್ನಡದಲ್ಲಿ ಒಂದು ಪುಟದ ಸುತ್ತೋಲೆಯಾಗಿ ಹೊರಡಿಸಿ ಎಲ್ಲ ಠಾಣೆಗಳಿಗೆ ಕಳಿಸಲಿ. ಮೂರು, ಆ ಪುಟಕ್ಕೆ ಕೊಳ್ಳುವವರ ಸಹಿ ಪಡೆಯದೆ ಯಾವ ಅಂಗಡಿಯೂ ಏರ್‌ಗನ್ ಮಾರದಿರಲಿ.

ಅಲ್ಲಿಯವರೆಗೆ ಏರ್‌ಗನ್ ಇಟ್ಟುಕೊಂಡಿರುವ ಓದುಗರಲ್ಲಿ ನನ್ನದೊಂದು ಕೋರಿಕೆ: ಗುಂಡು ತಡೆಯುವ ಗಟ್ಟಿ ಗೋಡೆಯೂ ತಗಡೂ ಇಲ್ಲದ ಕಡೆ, ಜನ ಓಡಾಡುವ ಕಡೆ ದಯವಿಟ್ಟು ಟ್ರಿಗರ್ ಮುಟ್ಟಬೇಡಿ. ಗನ್ನನ್ನು ಬೀಗ ಹಾಕಿಡಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ಸೀಸ ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂರಬೇಡಿ. ನಿಮ್ಮ ಶಾಸಕರು ಸಿಕ್ಕಾಗ ತಾಲ್ಲೂಕಿಗೊಂದು ರೇಂಜ್ ಯಾವಾಗ ಎಂದು ತಪ್ಪದೆ ಕೇಳಿ.

ಇಂತಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಕ, ನೆಲಮಂಗಲ