ಅರವತ್ತರಾಚೆಯ ಲೆಕ್ಕ

ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿಗಳೊಡನೆ ಮನೆಗೆ ಮರಳಿದ ಗೃಹಸ್ಥನಿಗೆ, ಮರುದಿನ ಬೆಳಗ್ಗೆ ಹಾಲಿನವನು ಎಂದಿನಂತೆಯೇ ಬಂದು ನಿಂತದ್ದು ಹೊಸ ಸಂಗತಿಯಾಗಿ ತೋರುವುದುಂಟು. ಸಂಬಳ ನಿಂತಿತು, ಹಾಲು ನಿಲ್ಲುವಂತಿಲ್ಲ. ಕರ್ನಾಟಕ ಸರ್ಕಾರದ ನೌಕರಿಗೆ 2006ರ ಏಪ್ರಿಲ್‌ಗೆ ಮೊದಲೇ ಸೇರಿದವರಿಗೆ ತುಟ್ಟಿಭತ್ಯೆ ಸಹಿತವಾದ ಪಿಂಚಣಿಯ ಆಸರೆಯಿದೆ. ಖಾಸಗಿ ಉದ್ಯೋಗಿಗೆ ಅಂಥ ಆಸರೆಯಿಲ್ಲ. ಭವಿಷ್ಯನಿಧಿಗೆ ಅಂಟಿಕೊಂಡು ಬರುವ ಪಿಂಚಣಿ ಚಿಕ್ಕದು. ಬೆಲೆಗಳೊಡನೆ ಏರುವಂಥದೂ ಅಲ್ಲ. ಆತ ತನ್ನ ಲೆಕ್ಕವನ್ನು ತಾನೇ ಮಾಡಿಕೊಳ್ಳಬೇಕು.

ಲೆಕ್ಕದ ಸಾಧನವೇನೋ ಈಗ ಮನೆಮನೆಯಲ್ಲಿದೆ. 1978ರಲ್ಲಿ ಹಾರ್ವರ್ಡ್‌ನಲ್ಲಿ ವಾಣಿಜ್ಯ ಕಲಿಯುತ್ತಿದ್ದ ಡ್ಯಾನ್ ಬ್ರಿಕ್ಲಿನ್, ಕರಿಹಲಗೆಯ ಮೇಲೆ ಒಂದು ಅಂಕಿ ಬದಲಾದರೆ ಅದನ್ನು ನಂಬಿಕೊಂಡ ಅಂಕಿಗಳನ್ನೆಲ್ಲ ಅಳಿಸಿ ಬರೆಯಬೇಕಾದ ಪಾಡನ್ನು ಕಂಡು, ತನ್ನನ್ನು ತಾನೇ ತಿದ್ದಿಕೊಳ್ಳುವ ಹಲಗೆಯೊಂದನ್ನು ಕಲ್ಪಿಸಿದ. ಬಾಬ್ ಫ್ರಾಂಕ್‌ಸ್ಟನ್ ಜೊತೆಗೂಡಿ ಅವನು ನಿರ್ಮಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಮಾರಾಟಕ್ಕೆ ಬಂತು. ಇಂದಿನ ಸ್ಪ್ರೆಡ್‌ಶೀಟುಗಳು ಅದರ ಸಂತತಿ.

ಮೈಸೂರಿನ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಯಜಮಾನರಿಗೆ 48 ವರ್ಷ. ಮನೆ ಸ್ವಂತದ್ದು. ಅರವತ್ತಕ್ಕೆ ಕೈಸೇರುವ ಗಂಟು ಒಂದು ಕೋಟಿ ರೂಪಾಯಿ. ಕೋಟಿಯೆಂಬ ಶಬ್ದದ ಮೋಹ ಎಂಥದೆಂದರೆ, ಅದನ್ನು ಉಚ್ಚರಿಸಿದವರು ಆಮೇಲೆ ಭಾಗಾಕಾರಕ್ಕೆ ಕೈಹಾಕುವುದಿಲ್ಲ. ತಿಂಗಳ ಖರ್ಚಿನ ಚೌಕದಲ್ಲಿ ಅವರು 25,000 ಎಂದು ತುಂಬಿದರು.

"ಅದು ನಿಮಗೆ ಗೊತ್ತಿರುವ ಖರ್ಚು," ಎಂದು ಗೃಹಿಣಿ ತಮ್ಮ ಡೈರಿಯನ್ನು ತಂದಿಟ್ಟರು. ಔಷಧಿ, ಆರೋಗ್ಯವಿಮೆಯ ಕಂತು, ಮನೆಗೆಲಸದವಳ ಸಂಬಳ, ಮನೆಗಂದಾಯ, ಗೌರಿಹಬ್ಬದ ಬಾಗಿನ, ನಂಟರ ಮದುವೆಗಳ ಉಡುಗೊರೆ — ಎಲ್ಲ ಸೇರಿ 40,000 ಆಯಿತು. ಇಂಥ ಲೆಕ್ಕಗಳು ಕೆಡುವುದು ಸೂತ್ರದಲ್ಲಲ್ಲ, ಮೊದಲ ಅಂಕಿಯಲ್ಲಿ.

ಸೂತ್ರಗಳು ಎರಡೇ. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರುವುವೆಂದು ಭಾವಿಸಿ, ಹಿಂದಿನ ವರ್ಷದ ಖರ್ಚನ್ನು 1.06ರಿಂದ ಗುಣಿಸುವುದು ಒಂದು. ವರ್ಷಾರಂಭದ ಗಂಟಿನಲ್ಲಿ ಆ ವರ್ಷದ ಖರ್ಚನ್ನು ಕಳೆದು, ಉಳಿದುದಕ್ಕೆ ಬಡ್ಡಿ ಸೇರಿಸುವುದು ಇನ್ನೊಂದು. ತೆರಿಗೆ ಕಳೆದ ಬಡ್ಡಿಯೂ ಆರೇ ಎಂದಿಟ್ಟುಕೊಂಡರು. ಒಂದು ಸಾಲನ್ನು ಬರೆದು ಕೆಳಕ್ಕೆಳೆದರೆ ಮುಂದಿನ ವರ್ಷಗಳೆಲ್ಲ ತಾವಾಗಿ ತುಂಬಿಕೊಳ್ಳುತ್ತವೆ.

ತುಂಬಿಕೊಂಡುವು. ಇಂದಿನ 40,000 ಅವರ ಅರವತ್ತಕ್ಕೆ 80,000 ದಾಟಿತು. ಎಪ್ಪತ್ತೆರಡಕ್ಕೆ 1,62,000 ಮುಟ್ಟಿತು. ಎಂಬತ್ತನಾಲ್ಕಕ್ಕೆ ಸುಮಾರು 3,26,000. ಸುಖವೇನೂ ಹೆಚ್ಚಲಿಲ್ಲ, ಅದೇ ಅಕ್ಕಿ, ಅದೇ ಕಾಫಿಪುಡಿ. ಗಂಟಿನ ಕಾಲಮ್ಮಾದರೋ ಎಪ್ಪತ್ತನೆಯ ವಯಸ್ಸಿನ ಸಾಲಿನಲ್ಲಿ ಸೊನ್ನೆಗಿಂತ ಕೆಳಗಿಳಿಯಿತು.

ಯಜಮಾನರು ಬಡ್ಡಿಯನ್ನು ಏಳಕ್ಕೆ ಏರಿಸಿ ನೋಡಿದರು. ಗಂಟು ಮುಗಿಯುವ ಸಾಲು ಎಪ್ಪತ್ತರಿಂದ ಕದಲಲಿಲ್ಲ. ಬಡ್ಡಿಯನ್ನು ಮತ್ತೆ ಆರಕ್ಕಿಳಿಸಿ ಬೆಲೆಯೇರಿಕೆಯನ್ನು ನಾಲ್ಕಕ್ಕೆ ತಂದಾಗ ಅದು ಎಪ್ಪತ್ತನಾಲ್ಕಕ್ಕೆ ಸರಿಯಿತು. ಆದರೆ ದೇವರಾಜ ಮಾರುಕಟ್ಟೆಯ ತರಕಾರಿಯವನು ಈ ತಿದ್ದುಪಡಿಯನ್ನು ಒಪ್ಪಬೇಕಲ್ಲ! ಬೆಲೆಯೇರಿಕೆಯನ್ನು ಮತ್ತೆ ಆರಕ್ಕೇ ಇಟ್ಟು, ತಮ್ಮ ಕೈಯಲ್ಲಿರುವುದನ್ನು ಬದಲಿಸತೊಡಗಿದರು. ಈ ತಿಂಗಳಿಂದ 10,000 ಹೆಚ್ಚಾಗಿ ಉಳಿಸಿದರೆ ಅರವತ್ತಕ್ಕೆ ಸುಮಾರು 21 ಲಕ್ಷ ಕೂಡುತ್ತದೆ. ಸಾಲು ಎಪ್ಪತ್ತೆರಡಕ್ಕೆ ಹೋಗುತ್ತದೆ. ಅದರ ಮೇಲೆ, ಗಂಟನ್ನು ಮುಟ್ಟದೆ ಇನ್ನೂ ಮೂರು ವರ್ಷ ದುಡಿದರೆ ಎಪ್ಪತ್ತೈದು. ಇದು ಮೊದಲಿನದಕ್ಕಿಂತ ಮೇಲು, ಸಾಲದು.

"ಇದರಲ್ಲಿ ನನ್ನ ವಯಸ್ಸು ಎಲ್ಲಿದೆ ರೀ?" ಎಂದು ಗೃಹಿಣಿ ಕೇಳಿದರು.

ಅವರು ಪತಿಗಿಂತ ಆರು ವರ್ಷ ಕಿರಿಯರು. ಗಂಟು ಮೊದಲು ಮುಗಿದಿದ್ದ ಆ ಎಪ್ಪತ್ತರ ಸಾಲಿನಲ್ಲಿ ಅವರಿಗೆ ಕೇವಲ ಅರವತ್ತನಾಲ್ಕು. ಯಜಮಾನರು ಮಾತಾಡದೆ ಇನ್ನೊಂದು ಕಾಲಮ್ಮನ್ನು ಸೇರಿಸಿ, ಹೆಂಡತಿಯ ತೊಂಬತ್ತರವರೆಗೆ ಪಟ್ಟಿಯನ್ನು ಎಳೆದರು. ಆ ಕೊನೆಯ ಸಾಲಿನಲ್ಲಿ ತಮ್ಮ ವಯಸ್ಸು 96 ಎಂದು ಮೂಡಿದ್ದನ್ನು ಕಂಡು ಅವರಿಗೆ ನಗು ಬಂತು. ಗೃಹಿಣಿ ನಗಲಿಲ್ಲ.