ಹತ್ತೊಂಬತ್ತನೆಯ ರಿವೆಟ್

ಪ್ರೀತಿಯ ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕುಳಿತು ಕನ್ನಡಕ ಹುಡುಕುತ್ತಿರುವ ನನ್ನ ವಯಸ್ಸಿನ ಗೆಳೆಯರೇ,

ಕಳೆದ ಆರು ತಿಂಗಳು ನಾನೂ ನನ್ನ ಹೆಂಡತಿಯೂ ಅಮೆರಿಕದ ಒರೆಗಾನ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿದ್ದೆವು. ಅಲ್ಲಿಂದಲೇ ಈ ಅಂಕಣ ಬರೆದು ಕಳಿಸುತ್ತಿದ್ದೆ. ಆದರೆ ಒಂದು ಸಂಗತಿಯನ್ನು ಮಾತ್ರ ಬರೆದಿರಲಿಲ್ಲ. ಸ್ವಲ್ಪ ನಾಚಿಕೆಯ ವಿಷಯ, ಅದಕ್ಕೆ. ಈ ವಾರ ಹೇಳಿಬಿಡುತ್ತೇನೆ.

ನನ್ನ ಅಳಿಯನ ಗ್ಯಾರೇಜಿನಲ್ಲಿ ಕಾರಿಲ್ಲ. ಅದು ಮಳೆಯಲ್ಲಿ ನೆನೆಯುತ್ತ ಹೊರಗೆ ನಿಂತಿರುತ್ತದೆ. ಒಳಗೆ ಒಂದು ವಿಮಾನ ಬೆಳೆಯುತ್ತಿದೆ! ಆಟಿಕೆಯಲ್ಲ, ಇಬ್ಬರು ಕುಳಿತು ಹಾರುವ ನಿಜವಾದ ಲೋಹದ ವಿಮಾನ. ಅದೇ ರಾಜ್ಯದ ಆರೋರಾ ಎಂಬ ಊರಿನಲ್ಲಿ ವ್ಯಾನ್ಸ್ ಏರ್‌ಕ್ರಾಫ್ಟ್ ಎಂಬ ಕಂಪನಿ ಇದೆ. ಅದರ ಸ್ಥಾಪಕ ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ತಾವೇ ರೂಪಿಸಿದ ಆರ್‌ವಿ-3 ಎಂಬ ಪುಟ್ಟ ವಿಮಾನವನ್ನು 1971ರಲ್ಲಿ ಹಾರಿಸಿದರು. ಈಗ ಅವರ ಕಂಪನಿ ವಿಮಾನದ ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕೊಡುತ್ತದೆ. ಜೋಡಿಸುವುದು ನಮ್ಮ ಕೆಲಸ. ಹೀಗೆ ಕಟ್ಟುವ ವಿಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು ಎಂಬುದು ಅಲ್ಲಿನ ಸರ್ಕಾರದ ನಿಯಮ. ಪೂರ್ತಿಯಾದ ಮೇಲೆ ತಪಾಸಣೆ, ಆಮೇಲೆ ಪರೀಕ್ಷಾ ಹಾರಾಟ.

"ಗ್ಯಾರೇಜಿನಲ್ಲಿ ಮಾಡಿದ ವಿಮಾನವಂತೆ!" ಎಂದು ನನ್ನ ಹೆಂಡತಿ ಮೊದಲ ದಿನವೇ ಹಣೆ ಚಚ್ಚಿಕೊಂಡಳು.

ನಾವು ಹೋದಾಗ ವಿಮಾನದ ಒಡಲಿನ ಕೆಲಸ ನಡೆಯುತ್ತಿತ್ತು. ಅದಕ್ಕೆ ಫ್ಯೂಸಲಾಜ್ ಎನ್ನುತ್ತಾರೆ. ನಮ್ಮ ಎದೆಗೂಡಿನ ಹಾಗೆ ಒಳಗೆ ಅಡ್ಡ ಚೌಕಟ್ಟುಗಳು, ಉದ್ದಕ್ಕೆ ಪಟ್ಟಿಗಳು, ಮೇಲೆ ಅಲ್ಯೂಮಿನಿಯಂ ಹಾಳೆಯ ಚರ್ಮ. ಹೆಚ್ಚಿನ ಹಾಳೆಗಳು ಒಂದು ಮಿಲಿಮೀಟರಿಗಿಂತ ತೆಳು! ತಾಮ್ರ ಬೆರೆಸಿದ ಈ ಅಲ್ಯೂಮಿನಿಯಂ ಗಟ್ಟಿ, ಆದರೆ ಬೇಗ ಸವೆದು ಹಾಳಾಗುತ್ತದೆ. ಅದಕ್ಕೇ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಕೊಟ್ಟಿರುತ್ತಾರೆ. ಅಜ್ಜಿಯ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದ ಹಾಗೆ.

ಈ ಹಾಳೆಗಳನ್ನು ಹಿಡಿದಿಡುವುದು ರಿವೆಟ್. ಅಡುಗೆಮನೆಯ ಇಕ್ಕಳದ ನಡುವೆ ಒಂದು ಗುಂಡು ಮೊಳೆ ಇರುತ್ತದಲ್ಲ, ಅದೇ ಜಾತಿ. ಮೊದಲು ಕ್ಲೆಕೋ ಎಂಬ ಸ್ಪ್ರಿಂಗ್ ಪಿನ್ನುಗಳನ್ನು ರಂಧ್ರಗಳಿಗೆ ಸಿಕ್ಕಿಸಿ ಹಾಳೆಗಳನ್ನು ಕೂಡಿಸುತ್ತಾರೆ. ದರ್ಜಿ ಕಚ್ಚಾ ಹೊಲಿಗೆ ಹಾಕುವ ಹಾಗೆ. ಆಮೇಲೆ ರಂಧ್ರದ ಅಂಚುಗಳ ಸಿಬಿರನ್ನು ಒಂದೊಂದಾಗಿ ಕೆರೆದು ನಯಮಾಡಬೇಕು. ಇಲ್ಲದಿದ್ದರೆ ಮುಂದೆ ಅಲ್ಲಿಂದಲೇ ಬಿರುಕು ಹುಟ್ಟಬಹುದು. ಕೊನೆಗೆ ರಿವೆಟ್ ಹೊಡೆಯುವುದು. ಇದಕ್ಕೆ ಇಬ್ಬರು ಬೇಕು. ಹೊರಗಿನಿಂದ ಒಬ್ಬ ಗಾಳಿಯ ಗನ್ನಿನಿಂದ ಟರ್‌ರ್ ಎಂದು ಬಡಿಯುತ್ತಾನೆ. ಒಳಗಿನಿಂದ ಇನ್ನೊಬ್ಬ ಉಕ್ಕಿನ ತುಂಡೊಂದನ್ನು ರಿವೆಟ್‌ನ ಬಾಲಕ್ಕೆ ನೇರವಾಗಿ ಒತ್ತಿ ಹಿಡಿಯುತ್ತಾನೆ. ಬಾಲ ಚಪ್ಪಟೆಯಾಗಿ ಗುಂಡಿಯ ಹಾಗೆ ಕೂರುತ್ತದೆ. 3.2 ಮಿಲಿಮೀಟರ್ ದಪ್ಪದ ರಿವೆಟ್ ಆದರೆ ಆ ಗುಂಡಿ ಸುಮಾರು 4.8 ಮಿಲಿಮೀಟರ್ ಅಗಲ, 1.6 ಮಿಲಿಮೀಟರ್ ಎತ್ತರ ಇರಬೇಕು. ಇಂಥವು ಇಡೀ ವಿಮಾನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು!

ಉಕ್ಕಿನ ತುಂಡು ಹಿಡಿಯುವ ಕೆಲಸ ನನ್ನದಾಯಿತು. ಮೊಮ್ಮಗಳು ಪುಟ್ಟಿಗೆ ಹನ್ನೊಂದು ವರ್ಷ. ಅವಳು ಕಿವಿಗೆ ಮುಚ್ಚಳ ಹಾಕಿಕೊಂಡು ಪುಸ್ತಕದಲ್ಲಿ ಪ್ರತಿ ರಿವೆಟ್‌ಗೂ ಟಿಕ್ ಹಾಕುವ ಗುಮಾಸ್ತೆ.

ಒಂದು ಸಂಜೆ ಇಪ್ಪತ್ನಾಲ್ಕು ರಿವೆಟ್‌ಗಳ ಸಾಲು ಹೊಡೆಯುತ್ತಿದ್ದೆವು. ನನ್ನ ತೋಳು ಸೋತಿತ್ತು. ಹತ್ತೊಂಬತ್ತನೆಯದಕ್ಕೆ ಕೈ ಸ್ವಲ್ಪ ವಾಲಿತು. ಬಾಲ ಓರೆಯಾಗಿ ಮಡಚಿದ್ದು ಬೆರಳಿಗೇ ಗೊತ್ತಾಯಿತು. ಹೊರಗಿನಿಂದ ಅಳಿಯ ಕೇಳಿದರು, "ಮಾವ, ಸರಿ ಕೂತಿತಾ?"

"ಹ್ಞೂಂ" ಎಂದುಬಿಟ್ಟೆ. ಪುಟ್ಟಿ ಟಿಕ್ ಹಾಕಿ, ಮುಂದೆ 'ನೋಡಿದವರು: ತಾತ' ಎಂದು ಬರೆದಳು.

ಮುದುಕನ ಕೈ ನಡುಗಿತು ಎಂದು ನಾಳೆಯಿಂದ ಕರೆಯುವುದನ್ನೇ ಬಿಟ್ಟರೆ? ಅದೇ ನನ್ನ ಭಯ.

ರಾತ್ರಿ ನಿದ್ದೆ ಬರಲಿಲ್ಲ. ಬ್ಯಾಂಕಿನ ಹಳೆಯ ದಿನಗಳು ನೆನಪಾದವು. ಒಮ್ಮೆ ನಾನು ಚೀಟಿ ನೋಡದೆಯೇ ಲೆಡ್ಜರಿಗೆ ಕೆಂಪು ಟಿಕ್ ಹಾಕಿದ್ದೆ. ಸಂಜೆ ಲೆಕ್ಕದಲ್ಲಿ 270 ರೂಪಾಯಿ ವ್ಯತ್ಯಾಸ. ಹೆಡ್ ಕ್ಲರ್ಕ್ ಒಬ್ಬರು ಹೇಳಿದರು, "ಒಂಬತ್ತರಿಂದ ಭಾಗಿಸಿ ನೋಡಯ್ಯಾ. ಶೇಷ ಬರದಿದ್ದರೆ ಯಾವುದೋ ಅಂಕಿ ತಿರುವುಮುರುವಾಗಿರಬಹುದು." ಹಾಗೇ ಆಗಿತ್ತು. 1,630 ಇರಬೇಕಾದ ಕಡೆ 1,360. ರಾತ್ರಿ ಒಂಬತ್ತಕ್ಕೆ ಸಿಕ್ಕಿತು.

ಬ್ಯಾಂಕಿನಲ್ಲಿ ತಪ್ಪು ಸಂಜೆಯೊಳಗೆ ತಾನೇ ಬಂದು ಎದುರಿಗೆ ನಿಲ್ಲುತ್ತಿತ್ತು. ಆದರೆ ರಿವೆಟ್‌ಗೆ ಸಂಜೆಯ ಟ್ಯಾಲಿ ಇಲ್ಲ. ಮೇಲೆ ಬಣ್ಣ ಬಳಿದ ಮೇಲೆ, ಅದು ಓರೆಯೆಂದು ಬಲ್ಲವನು ನಾನೊಬ್ಬನೇ. ಹಾರುವವರೋ ಅಳಿಯ ಮತ್ತು ಪುಟ್ಟಿ.

ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಹೇಳಿಬಿಟ್ಟೆ. ಅಳಿಯ ಬೈಯಲಿಲ್ಲ, ನಗಲೂ ಇಲ್ಲ. ಟಾರ್ಚ್, ಕನ್ನಡಿ, ಅಳತೆಪಟ್ಟಿ ತಂದು ಇಡೀ ಸಾಲನ್ನು ನೋಡಿದರು. ಹತ್ತೊಂಬತ್ತನೆಯದು ಓರೆ. ನನಗೆ ಗೊತ್ತೇ ಇರದ ಇನ್ನೊಂದು ಸಿಕ್ಕಿತು: ಇಪ್ಪತ್ತೆರಡನೆಯದು ಪೂರ್ತಿ ಕೂತಿರಲಿಲ್ಲ. ಅದನ್ನು ಮತ್ತೆ ಬಡಿದರೆ ಸಾಕಾಯಿತು. ಓರೆಯದರ ತಲೆಯನ್ನು ನಿಧಾನವಾಗಿ ಡ್ರಿಲ್ ಮಾಡಿ, ತಲೆ ಹಾರಿಸಿ, ಬಾಲವನ್ನು ಹೊರಗೆ ತಟ್ಟಿದರು. ಅವಸರಪಟ್ಟರೆ ರಂಧ್ರ ದೊಡ್ಡದಾಗಿ ಕೆಲಸ ಇನ್ನಷ್ಟು ಕೆಡುತ್ತದೆ.

"ಒಂದು ರಿವೆಟ್‌ಗೆಲ್ಲ ವಿಮಾನ ಬೀಳಲ್ಲ ಮಾವ, ಅದರ ಭಾರ ಪಕ್ಕದವು ಹೊರುತ್ತವೆ," ಎಂದರು. "ಆದರೆ ಪುಸ್ತಕದಲ್ಲಿ ಒಂದು ಸುಳ್ಳು ಟಿಕ್ ಇದ್ದರೆ ಮಿಕ್ಕ ಟಿಕ್‌ಗಳನ್ನು ನಂಬೋದು ಹೇಗೆ?"

ಪುಟ್ಟಿ ರಬ್ಬರ್ ತೆಗೆದುಕೊಂಡಳು. ನಾನು ತಡೆದೆ. "ಅಳಿಸಬಾರದು ಕಂದ. ಒಂದೇ ಗೆರೆ ಎಳಿ, ಕೆಳಗಿನದು ಓದುವ ಹಾಗಿರಲಿ. ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಮಾಡಬೇಕು. ಬ್ಯಾಂಕಿನಲ್ಲಿ ಹಾಗೇ." ಅವಳು ಗೆರೆ ಎಳೆದಳು. ನಾನು ಸಹಿ ಮಾಡಿದೆ.

"ತಾತ, ಹೊಸ ರಿವೆಟ್‌ಗೆ ಯಾರು ಹಿಡೀತಾರೆ?" ಎಂದಳು.

ಅಳಿಯ ಉಕ್ಕಿನ ತುಂಡನ್ನು ನನ್ನ ಕೈಗೇ ಕೊಟ್ಟರು. ಅಂದಿನಿಂದ ಹನ್ನೆರಡು ರಿವೆಟ್‌ಗೊಮ್ಮೆ ಐದು ನಿಮಿಷ ವಿಶ್ರಾಂತಿ ಎಂಬ ನಿಯಮ ಬಂತು.

ವಿಮಾನಕ್ಕೆ ಇನ್ನೂ ರೆಕ್ಕೆ, ಎಂಜಿನ್ ಬರಬೇಕು. ನನ್ನ ಹೆಂಡತಿ ಇನ್ನೂ ಒಪ್ಪಿಲ್ಲ. ಬೆಂಗಳೂರಿನ ಮಕ್ಕಳೇ, ಲೋಹದ ವಿಮಾನ ನಮ್ಮೂರಿಗೂ ಹೊಸದಲ್ಲ. ಎಚ್‌ಎಎಲ್ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲೇ ಹಾರಿತ್ತು. ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋದಾಗ ವಿಮಾನಗಳ ಮೈಮೇಲಿನ ಆ ಪುಟ್ಟ ಚುಕ್ಕಿಗಳ ಸಾಲನ್ನು ನೋಡಿ. ಪ್ರತಿ ಚುಕ್ಕಿಯ ಹಿಂದೆಯೂ ಯಾರೋ ಕೈ ಹಿಡಿದಿದ್ದರು.

ಈ ವಾರದ ಮನೆಲೆಕ್ಕ: ಯಾವುದೇ ಎರಡಂಕಿಯ ಸಂಖ್ಯೆ ಬರೆಯಿರಿ, ಅಂಕಿಗಳನ್ನು ತಿರುವಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉತ್ತರ ಒಂಬತ್ತರಿಂದ ಭಾಗವಾಗುತ್ತದೆಯೇ? ಏಕೆ? ಅಜ್ಜ-ಅಜ್ಜಿಯರ ಜೊತೆ ಕುಳಿತು ಯೋಚಿಸಿ. ಕಾರಣ ಮುಂದಿನ ವಾರ.