ಅಟ್ಟದ ಮೇಲಿನ ಕೊಬ್ಬರಿಗೆ ಲೆಕ್ಕ ಇಲ್ವಾ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಗಂಡು ನೋಡುವಾಗ ತೋಟದಲ್ಲಿ ಫಲ ಬಿಡೋ ಮರ ಎಷ್ಟಿವೆ ಅಂತ ಎಣಿಸ್ತಾರೆ. ಅದೇ ಮದುವೆ ಮುರಿದು ಜೀವನಾಂಶದ ಮಾತು ಬಂದ ದಿನ ಒಂದು ಮರವೂ ಇರಲ್ಲ! ತೋಟ ಅಪ್ಪನ ಹೆಸರಲ್ಲಿದೆ, ನುಸಿ ಬಂದು ಫಸಲು ಹೋಯ್ತು, ಕೊಬ್ಬರಿಗೆ ರೇಟಿಲ್ಲ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ಮಗ ಸಂಬಳದ ಸ್ಲಿಪ್ ಒಂದನ್ನೇ ಮುಂದಿಟ್ಟು ಸುಮ್ಮನಾಗ್ತಾನೆ.

ಕಾಯಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಅಂದರೆ ಹೆಚ್ಚುಕಮ್ಮಿ ಒಂದು ವರ್ಷದ ದುಡಿಮೆ ಅಟ್ಟದ ಮೇಲೆ ಮಲಗಿರುತ್ತೆ, ಪಾಸ್‌ಬುಕ್ಕಲ್ಲಿ ಕಾಣಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೂ ಇಲ್ಲ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಇಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಕಾಯಿ ಸುಲಿಯೋ ಆಳುಗಳಿಗೆ ವರ್ಷಗಟ್ಟಲೆ ಮುದ್ದೆ ಬೇಯಿಸಿ ಹಾಕಿದವಳಿಗೆ ಇದರಲ್ಲಿ ಎಷ್ಟು ಪಾಲು? ಸೊನ್ನೆ. ಮದುವೆ ಆದಮೇಲೆ ಗಳಿಸಿದ್ದು ಇಬ್ಬರದ್ದೂ ಅನ್ನೋ ನಿಯಮ ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲ. ಅವಳಿಗಿರೋದು ಅವಳ ಸ್ತ್ರೀಧನ, ಮತ್ತೆ ಜೀವನಾಂಶ ಕೇಳೋ ಹಕ್ಕು.

ಕೇಳೋಕೂ ಗೊತ್ತಿರಬೇಕಲ್ಲ. 2020ರ ನವೆಂಬರ್‌ನಲ್ಲಿ ರಜ್ನೇಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜೀವನಾಂಶದ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಹಾಕಬೇಕು ಅಂತು. (ಹೌದು, ಸಂಬಳ ಬರೋ ಹೆಂಡತಿಯೂ.) ಕೃಷಿಕರಿಗೆ ಅದರಲ್ಲಿ ಬೇರೆಯದೇ ನಮೂನೆ ಇದೆ: ಜಮೀನೆಷ್ಟು, ಅದರಲ್ಲಿ ನಿಮ್ಮ ಪಾಲೆಷ್ಟು, ತರಿಯೋ ಖುಷ್ಕಿಯೋ, ಏನು ಬೆಳೀತೀರಿ, ಎಷ್ಟು ಬರುತ್ತೆ. ತೋಟ ಅಪ್ಪನ ಸ್ವಯಾರ್ಜಿತವಾದರೆ ಬೇರೆ ಮಾತು. ಪಿತ್ರಾರ್ಜಿತವಾದರೆ ಮಗನಿಗೆ ಹುಟ್ಟಿನಿಂದಲೇ ಪಾಲುಂಟು, ಪಹಣಿಯಲ್ಲಿ ಯಾರ ಹೆಸರೇ ಇರಲಿ. 25ನೇ ಕಲಂ ಪ್ರಕಾರ ಅವನ ಸ್ಥಿರಾಸ್ತಿಯ ಮೇಲೆ ಜೀವನಾಂಶದ ಋಣಭಾರವನ್ನೂ ಕೋರ್ಟು ಹೊರಿಸಬಹುದು.

ಇದೆಲ್ಲ ಬೇಡ ಅಂತಲೇ ಹಿರಿಯರು ಪಂಚಾಯ್ತಿಗೆ ಕೂರೋದು. "ಕೋರ್ಟು ಕಚೇರಿ ಯಾಕವ್ವಾ, ಮರ್ಯಾದೆ ಪ್ರಶ್ನೆ." ಛಾಪಾ ಕಾಗದ, ಒಂದಿಷ್ಟು ದುಡ್ಡು, ಎರಡು ಸಹಿ. ಸಮುದಾಯದಲ್ಲಿ ಅಂಥ ರೂಢಿ ಉಂಟು ಅಂತ ಸಾಬೀತಾಗದಿದ್ದರೆ ಆ ಕಾಗದದಿಂದ ವಿಚ್ಛೇದನವೇ ಆಗಲ್ಲ. ಇಬ್ಬರೂ ಒಪ್ಪಿದ್ದರೆ 13ಬಿ ಅಡಿ ಅರ್ಜಿ ಹಾಕೋಕೆ ಏನು ಕಷ್ಟ? ಆರು ತಿಂಗಳ ಕಾಯುವಿಕೆಯನ್ನೂ ತಕ್ಕ ಕಾರಣವಿದ್ದರೆ ಬಿಡಬಹುದು ಅಂತ ಸುಪ್ರೀಂ ಕೋರ್ಟು 2017ರಲ್ಲೇ ಹೇಳಿದೆ.

ಇನ್ನು ತವರಿನವರು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಅನ್ನೋದು 2005ರ ತಿದ್ದುಪಡಿ. ಅಪ್ಪ ಆಗ ಬದುಕಿರಲೇಬೇಕಿಲ್ಲ ಅಂತ 2020ರ ಆಗಸ್ಟ್‌ನಲ್ಲಿ ಕೋರ್ಟು ಮತ್ತೆ ಸ್ಪಷ್ಟ ಮಾಡ್ತು. ಭಾವನ ಅಟ್ಟದ ಲೆಕ್ಕ ಕೊಡಿಸಿ ಅಂತ ಲಾಯರ್ ಹತ್ರ ಓಡೋ ಅಣ್ಣಂದಿರೇ, ತಂಗಿ ಕೈಲಿ ಹಕ್ಕು ಖುಲಾಸೆಗೆ ಸಹಿ ಹಾಕಿಸಿಕೊಂಡಿದ್ದು ಯಾವಾಗ, ಮದುವೆಗೆ ಮುಂಚೆಯೋ ಆಮೇಲೋ?